ವಾಹನ ಬೇಕಾಗಿದೆ

ಆ ಶನಿವಾರ ಮಹಾದೇವನ ಗ್ರಹಚಾರ ಒಂದು ಕೋಣದ ಬೆನ್ನೇರಿ ಬಂತು.

ಕೋಣ ಕಾಗದದ್ದು. ಅದರ ಮೇಲೆ ಗತ್ತಿನಿಂದ ಕುಳಿತವನು ಝೂಗರ. ಝೂಗರ ಎಂದರೆ ಮಹಾದೇವ ಆರು ವರ್ಷ ಬರೆದು, ಅಳಿಸಿ, ಮತ್ತೆ ಬರೆದು ಹುಟ್ಟಿಸಿದ ಮಾಯಾಲೋಕದ ವೀರ, ಮೂವತ್ತೆರಡು ಪುಟಗಳ ಒಂದು ಚಿತ್ರಕತೆಯ ನಾಯಕ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದ ಮಹಾದೇವ ಮಗ್ಗಕ್ಕೆ ಕೂರದೆ, ಗದಗಿನ ಕೊಟ್ರಪ್ಪನವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷಗಳಲ್ಲಿ ಅವನ ಕೈಯಿಂದ ಮೂಡಿದ ದೇವರುಗಳಿಗೆ ಮಿತಿಯಿಲ್ಲ. ಲಗ್ನಪತ್ರಿಕೆಗೆ ಗಣಪತಿ, ಅಂಗಡಿ ಪೂಜೆಯ ಕಾರ್ಡಿಗೆ ಲಕ್ಷ್ಮಿ, ಕ್ಯಾಲೆಂಡರಿಗೆ ವೀರಭದ್ರ. ಮುಂಡರಗಿಯ ಒಬ್ಬ ಗಿರಾಕಿಯಂತೂ ಗಣಪತಿಯ ಸೊಂಡಿಲು ತನ್ನ ಹೆಸರು ಬಿಟ್ಟು ಬೀಗರ ಹೆಸರಿನ ಕಡೆಗೆ ತಿರುಗಿದೆ ಎಂದು ಮೂರು ಸಲ ತಿದ್ದಿಸಿದ್ದ.

ಅಂದೇ ಮಹಾದೇವ ಶಪಥ ಮಾಡಿಬಿಟ್ಟಿದ್ದ. ತನ್ನ ಸ್ವಂತ ಪುಸ್ತಕದಲ್ಲಿ ಒಬ್ಬ ದೇವರೂ ಕಾಲಿಡಕೂಡದು.

ಅದೇನು ಸುಲಭದ ಶಪಥವೇ? ನಾಯಕನಿಗೆ ಹೆಸರು ಹುಡುಕುವುದಕ್ಕೇ ಒಂದು ವರ್ಷ ಹಿಡಿಯಿತು. ಏನು ಹೆಸರಿಟ್ಟರೂ ಅದು ಯಾವುದೋ ಸಹಸ್ರನಾಮದಲ್ಲಿ ಮೊದಲೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಯಾವ ಅರ್ಥವೂ ಇಲ್ಲದ ಝೂಗರ ಎಂಬ ಹೆಸರು ಗಟ್ಟಿಯಾಯಿತು. ಮೈಬಣ್ಣ ನೀಲಿ ಬೇಡ, ಕಪ್ಪು ಬೇಡ, ಹಸಿರು ಬೇಡ ಎಂದು ಖಾಕಿ ಹಚ್ಚಿದ. ಕೈ ಎರಡೇ. ಕತೆಯೂ ಅಷ್ಟೇ ಸರಳ: ಮೂವತ್ತೆರಡು ಪುಟ ಝೂಗರ ಬರಿಗಾಲಲ್ಲಿ ಬೆಟ್ಟ, ಬಯಲು ಅಲೆಯುತ್ತ ತನಗೊಂದು ವಾಹನ ಹುಡುಕುತ್ತಾನೆ. ಆ ವಾಹನ ಯಾವುದೆಂದು ಒಳಗಿನ ಪುಟಗಳಲ್ಲಿ ಎಲ್ಲಿಯೂ ಇಲ್ಲ. ಅದು ಕಾಣುವುದು ಮುಖಪುಟದ ಮೇಲೆ ಮಾತ್ರ.

ಒಳಪುಟಗಳೆಲ್ಲ ಹೋದ ವಾರವೇ ಅಚ್ಚಾಗಿ, ಮಡಿಕೆಯಾಗಿ, ಬೈಂಡಿಂಗ್ ಮೂಲೆಯಲ್ಲಿ ಐದುನೂರು ಪ್ರತಿಗಳ ಗುಡ್ಡೆಯಾಗಿ ಕೂತಿದ್ದವು. ಉಳಿದದ್ದು ಮುಖಪುಟ. ಅದಕ್ಕೆ ಮಷಿನ್ ಖಾಲಿ ಸಿಗುವುದು ಈ ಶನಿವಾರ ದೀಪ ಹಚ್ಚುವ ಹೊತ್ತಿನವರೆಗೆ ಮಾತ್ರ. ನಾಳೆಯಿಂದ ಕ್ಯಾಲೆಂಡರ್ ಕೆಲಸ ಶುರುವಾದರೆ ಗದಗಿನ ಯಾವ ಪ್ರೆಸ್ಸೂ ಯುಗಾದಿಯವರೆಗೆ ತಲೆ ಎತ್ತುವುದಿಲ್ಲ. ನಾಳೆಯೇ ಪುಸ್ತಕ ಸಂತೆ. ಅದರಲ್ಲಿ ಮಹಾದೇವ ತನ್ನ ಹೆಸರಿಗೊಂದು ಟೇಬಲ್ ಹಿಡಿದಿದ್ದ. ಆರು ವರ್ಷದ ಕನಸಿಗೆ ಉಳಿದದ್ದು ಒಂದು ಹಗಲು.

ಬೆಳಿಗ್ಗೆ ಒಂಬತ್ತಕ್ಕೆ ಮುಖಪುಟವನ್ನು ಕೊಟ್ರಪ್ಪನವರ ಮುಂದೆ ಹಿಡಿದ. ಅವರು ಹಣೆಯ ವಿಭೂತಿಯ ಕೆಳಗಿನಿಂದ ಕನ್ನಡಕ ಜಾರಿಸಿ ನೋಡಿದರು.

"ಏನೋ ಇದು?"

"ಕೋಣಾ ರೀ, ಸಾವ್ಕಾರ್ರ."

"ಕೋಣ ಅನ್ನೂದು ನನಗೂ ಕಾಣತೈತಿ. ಕೋಣದ ಮ್ಯಾಲೆ ಕುಂದರಾಂವ ಮೂರು ಲೋಕದಾಗ ಒಬ್ಬನ ಅದಾನ. ದೇವರಿಲ್ಲ ಅಂದಿದ್ದಿ. ಇಲ್ಲಿ ನೋಡಿದ್ರ ಖುದ್ದ ಯಮಧರ್ಮನ್ನ ತಂದು ಕುಂದರ್ಸೀದಿ!"

"ಅವನ ಕೈಯಾಗ ಹಗ್ಗ ಇಲ್ಲಲ್ರಿ."

"ಮನ್ಯಾಗ ಮರ್ತ ಬಂದಿರಬೇಕು. ನಾ ಇದನ್ನ ಹಾಕಂಗಿಲ್ಲ."

ಕೊಟ್ರಪ್ಪನವರು ಹಟಮಾರಿಯಲ್ಲ, ಸುಟ್ಟುಕೊಂಡವರು. ಹಿಂದಿನ ವರ್ಷ ಯಾವುದೋ ಪಾತ್ರೆ ಅಂಗಡಿಯ ಹ್ಯಾಂಡ್‌ಬಿಲ್ಲಿಗೆ ಲಕ್ಷ್ಮಿಯನ್ನು ಹಾಕಿದ್ದರು. ಉಳಿದ ಹಾಳೆಗಳು ರದ್ದಿಗೆ ಹೋಗಿ, ರದ್ದಿಯಿಂದ ಮಿರ್ಚಿ ಗಾಡಿಗೆ ಹೋಗಿ, ಊರ ಜನ ಲಕ್ಷ್ಮಿಯ ಮುಖಕ್ಕೆ ಎಣ್ಣೆ ಕೈ ಒರೆಸಿದರು. ಆ ಜಿಡ್ಡಿನ ಕಾಗದ ಹಿಡಿದುಕೊಂಡು ಇಪ್ಪತ್ತು ಮಂದಿ ಪ್ರೆಸ್ಸಿನ ಬಾಗಿಲಿಗೆ ಬಂದಿದ್ದರು. ಅಂದಿನಿಂದ ಕಾನೂನು: ಗೋಡೆಗೆ ಹಾಕುವ ಕಾಗದಕ್ಕೆ ದೇವರು ಇರಬಹುದು, ಓದಿ ಬಿಸಾಡುವ ಕಾಗದಕ್ಕೆ ಇರಕೂಡದು.

"ಪ್ರಾಣಿ ಬದಲ್ ಮಾಡ್ತೀನ್ರಿ. ಅದೇನು ದೊಡ್ಡ ಮಾತು," ಎಂದ ಮಹಾದೇವ. ಅದು ಎಷ್ಟು ದೊಡ್ಡ ಮಾತೆಂದು ಅವನಿಗೆ ಆಗ ತಿಳಿದಿರಲಿಲ್ಲ.

ಅರ್ಧ ಗಂಟೆಯಲ್ಲಿ ಕೋಣ ಹೋಗಿ ಬಿಳಿ ಕುದುರೆ ಬಂತು. ಬೈಂಡಿಂಗ್ ಕೆಲಸದ ತಿಪ್ಪವ್ವ ದಿನಾ ಶಿರಹಟ್ಟಿಯಿಂದ ಬಸ್ಸಿಗೆ ಬಂದು ಹೋಗುವ ಹೆಂಗಸು. ಅಂಟಿನ ಡಬ್ಬಿ ಹಿಡಿದು ಹಾಯುತ್ತಿದ್ದವಳು ಕಂಪ್ಯೂಟರಿನತ್ತ ನೋಡಿ ನಿಂತಲ್ಲೇ ನಿಂತು ಕೈ ಎತ್ತಿದಳು.

"ಏಳುಕೋಟಿ ಏಳುಕೋಟಿಗೋ! ಮೈಲಾರಲಿಂಗಪ್ಪಾ, ನಮ್ಮಪ್ಪಾ!"

"ತಿಪ್ಪಕ್ಕ, ಅದು ಬರೇ ಕುದರಿ."

"ಬರೇ ಕುದರಿ ಅಂತ ನೀ ಅಂದ್ರ ಆತೇನು? ಯಾರ ಕುದರಿ ಅಂತ ಕುದರೀಗಿ ಗೊತ್ತಿರತೈತಿ."

ಕೊಟ್ರಪ್ಪನವರು ಒಳಗಿನಿಂದಲೇ "ಹಾಕಂಗಿಲ್ಲ" ಎಂದರು. ಮಹಾದೇವ ಕುದುರೆಯನ್ನು ನಾಯಿ ಮಾಡಿದ. ನಾಯಿಯೂ ಮೈಲಾರಪ್ಪನದೇ ಎಂದು ತಿಪ್ಪವ್ವ ಡಬ್ಬಿ ಕೆಳಗಿಟ್ಟು ಮತ್ತೆ ಕೈಮುಗಿದಳು. ಇಲಿ, ನವಿಲು, ಹುಲಿ ಹೇಗೂ ಮುಟ್ಟುವಂತಿರಲಿಲ್ಲ. ಕೊಟ್ರಪ್ಪನವರಿಗೆ ಈಗ ಹುರುಪು ಬಂದಿತ್ತು. ಕಪಾಟಿನಿಂದ ಅವರಪ್ಪನ ಕಾಲದ ದಪ್ಪ ಪಂಚಾಂಗ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

"ಕೇಳು ನೀ, ಕೇಳು."

"ಗೂಗಿ ರೀ?"

"ಲಕ್ಷ್ಮೀದು."

"ಕಾಗಿ?"

"ಶನಿದೇವರದು. ಅದೂ ಶನಿವಾರ ಕೇಳ್ತೀಯಲ್ಲೋ!"

"ಮೊಸಳಿ? ಜಿಂಕಿ?"

"ಗಂಗವ್ವಂದು. ವಾಯುದೇವರದು."

"ಅಗಸರ ಕತ್ತಿನರ ಬಿಟ್ಟಾರೇನ್ರಿ?"

ಕೊಟ್ರಪ್ಪನವರು ನಾಲ್ಕು ಪುಟ ಹೊರಳಿಸಿ, ಬೆರಳಿಟ್ಟು, ಮೀಸೆಯಲ್ಲೇ ನಕ್ಕರು. "ಶೀತಲಾದೇವಿ ಕತ್ತಿ ಮ್ಯಾಲೆ ಬರ್ತಾಳ. ನಮ್ಮ ಮಂದಿ ಯಾರನ್ನೂ ಕೈ ಬಿಟ್ಟಿಲ್ಲಪಾ."

ಮಧ್ಯಾಹ್ನ ಮಹಾದೇವ ಸೈಕಲ್ ಹತ್ತಿ ಬೆಟಗೇರಿಯ ಮನೆಗೆ ಊಟಕ್ಕೆ ಬಂದಾಗ ಅವನ ತಲೆಯಲ್ಲಿ ಸೃಷ್ಟಿಯ ಅರ್ಧ ಪ್ರಾಣಿಗಳು ಓಡಾಡುತ್ತಿದ್ದವು. ಹೆಂಡತಿ ಸೌಂದರ್ಯಾ ರೊಟ್ಟಿ ಬಡಿಸುತ್ತಿದ್ದಳು. ಪಕ್ಕದ ಮನೆಯ ಮುದುಕಿ ಯಮನವ್ವ ಎಂದಿನಂತೆ ಹೊಸ್ತಿಲ ಮೇಲೆ ಕೂತು ಇವರ ಸಂಸಾರ ನಡೆಸುತ್ತಿದ್ದಳು.

"ಆಯೀ, ದೇವರಿಗೆ ಸೇರದ ಪ್ರಾಣಿ ಒಂದನ್ನರ ಹೇಳು," ಎಂದ ಮಹಾದೇವ.

ಯಮನವ್ವ ಎಲೆ ಅಡಿಕೆ ಒಂದು ದವಡೆಗೆ ಸರಿಸಿದಳು. "ನೀನ ಹೇಳು ನೋಡೂಣು."

"ಕಪ್ಪಿ."

"ಮಳಿ ಹ್ವಾದ ವರ್ಷ ಕಪ್ಪಿಗೆ ಅರಿಷಿಣ ಹಚ್ಚಿ ಮದುವಿ ಮಾಡಿದ್ದು ಯಾರೋ? ನಿಮ್ಮವ್ವನ ಅಕ್ಕಿಕಾಳು ಒಗದಾಳ."

"ಚೇಳು?"

"ಯಾದಗಿರಿ ಕಡೆ ಚೇಳಿಗೆ ಜಾತ್ರಿ ಮಾಡ್ತಾರ."

"ಇರಬಿ, ಆಯೀ! ಇಷ್ಟ ಸಣ್ಣ ಇರಬಿ!"

"ಹುತ್ತ ಕಟ್ಟೂದು ಯಾರು ಮತ್ತ? ನಾಗಪ್ಪಗ ಮನಿ ಕಟ್ಟಿ ಕೊಟ್ಟಾಕಿ ಆಕಿ. ನಡೀ, ಕೈ ಮುಗಿ."

ಮಹಾದೇವ ರೊಟ್ಟಿ ಮುರಿದು ಹಾಗೇ ಕೂತ. ಸೌಂದರ್ಯಾ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಆರು ವರ್ಷ ಈ ಮನುಷ್ಯ ಹಬ್ಬದ ದಿನವೂ ಒಂದು ಪುಟ ಬರೆಯದೆ ಎದ್ದವನಲ್ಲ. ಅವಳು ಅಂಗನವಾಡಿಯ ಟೀಚರು, ಹಟ ಹಿಡಿದ ಮಕ್ಕಳನ್ನು ದಿನಾ ನೋಡುವವಳು.

"ರೀ, ನಮ್ಮ ಅಂಗನವಾಡಿ ಗ್ವಾಡಿ ಮ್ಯಾಲೆ ಜಿರಾಫಿ ಐತಿ. ಎಂಟು ವರ್ಷ ಆತು, ಅದಕ್ಕ ಒಬ್ಬರೂ ಕೈ ಮುಗದಿದ್ದು ನಾ ನೋಡಿಲ್ಲ."

ಯಮನವ್ವ ಅಗಿಯುವುದನ್ನು ನಿಲ್ಲಿಸಿದಳು. ಯೋಚಿಸಿದಳು. ಏನೂ ಹೇಳಲಿಲ್ಲ. ಯಮನವ್ವ ಏನೂ ಹೇಳದೆ ಇದ್ದದ್ದೇ ದೊಡ್ಡ ಗೆಲುವೆಂದು ಮಹಾದೇವ ಕೈ ತೊಳೆದು ಸೈಕಲ್ ಹತ್ತಿದ.

ಎರಡೂವರೆಗೆ ಜಿರಾಫೆ ತಯಾರಾಯಿತು. ಬಿಂಕದಕಟ್ಟಿಯ ಝೂದಲ್ಲೂ ಇಲ್ಲದ ಪ್ರಾಣಿ, ಎಲ್ಲಿಯೋ ಆಫ್ರಿಕಾದ್ದು. ಪಂಚಾಂಗದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಕೊಟ್ರಪ್ಪನವರು ಹಿಂದೆ ಮುಂದೆ ಹೊರಳಿಸಿ ಸೋತು, ಚಿತ್ರವನ್ನು ಕೈಗೆ ತೆಗೆದುಕೊಂಡು ದೂರ ಹಿಡಿದರು. ಆಮೇಲೆ ಇನ್ನೂ ದೂರ ಹಿಡಿದರು.

"ತಿಪ್ಪವ್ವ, ಇಲ್ಲಿ ಬಾ. ಇದನ್ನ ಎಲ್ಲೋ ನೋಡೇವೇನ?"

ತಿಪ್ಪವ್ವ ಬಂದಳು, ನೋಡಿದಳು. "ಅಯ್ಯ, ನಂದಿಕೋಲಲ್ರೀ ಇದು!"

ಮಹಾದೇವನಿಗೂ ಈಗ ಹಾಗೆಯೇ ಕಂಡಿತು. ಉದ್ದನೆಯ ಕುತ್ತಿಗೆ ನೆಟ್ಟಗೆ ಮೇಲಕ್ಕೆ ಹೋಗಿದೆ. ತುದಿಯಲ್ಲಿ ಎರಡು ಪುಟ್ಟ ಕೋಡು. ಮೈತುಂಬ ಹಿತ್ತಾಳೆಯ ತಗಡು ಬಡಿದಂತೆ ಹಳದಿ ಪಟ್ಟಿ. ಮಠದ ಮುಂದೆ ಸಮಾಳ ಬಾರಿಸಿಕೊಂಡು ಹೊತ್ತು ಕುಣಿಯುವುದೊಂದು ಬಾಕಿ. ಅದರ ಮೇಲೆ ಝೂಗರ ಬೇರೆ ಕಾಲು ಇಳಿಬಿಟ್ಟು ಕೂತಿದ್ದ.

"ನಂದಿಕೋಲಿನ ಮ್ಯಾಲೆ ಹತ್ತಿ ಕುಂತಾನ ಮಂಗ್ಯಾ," ಎಂದು ಕೊಟ್ರಪ್ಪನವರು ಎದೆ ಹಿಡಿದುಕೊಂಡರು. "ಹರದು ಹಾಕು ಮೊದ್ಲ. ಯಾರರ ನೋಡ್ಯಾರು."

ಗಡಿಯಾರ ಮೂರು ಹೊಡೆಯಿತು. ಇನ್ನೊಬ್ಬನಾಗಿದ್ದರೆ ಟೇಬಲ್ಲಿನ ಮೇಲೆ ತಲೆಯಿಟ್ಟು ಅಳುತ್ತಿದ್ದ. ಮಹಾದೇವ ಅಳಲಿಲ್ಲ. ಅವನಪ್ಪ ಮಗ್ಗದಲ್ಲಿ ಎಳೆ ಕಡಿದರೆ ಬೈಯುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ಗಂಟು ಹಾಕಿ ಮುಂದಕ್ಕೆ ನೇಯುತ್ತಿದ್ದ. ದೇವರು ಮಾಡಿದ ಪ್ರಾಣಿಗಳೆಲ್ಲ ದೇವರ ಪಾಲಾಗಿದ್ದರೆ ತಾನೇ ಒಂದು ಮಾಡಿಬಿಡುತ್ತೇನೆ ಎಂದು ಮಹಾದೇವ ಹಲ್ಲು ಕಚ್ಚಿದ.

ಸುತ್ತ ನೋಡಿದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಂಡ. ಮೂಲೆಯ ಗ್ಯಾಸ್ ಸಿಲಿಂಡರು ಮೈಯಾಯಿತು. ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಸೊಟ್ಟ ಕಾಲು ಕಾಲಾದವು. ಚಹಾದ ಜೊತೆ ಬಂದಿದ್ದ ಮಿರ್ಚಿ ಮೂಗಾಯಿತು. ಬಾಗಿಲಲ್ಲಿ ಬಿಟ್ಟಿದ್ದ ತಿಪ್ಪವ್ವನ ಹವಾಯಿ ಚಪ್ಪಲಿ ನೋಡಿ ಎರಡು ಕಿವಿ ಬರೆದ. ದೊಡ್ಡ ಬೋಳು ಹಣೆ, ಅದರ ಕೆಳಗೆ ಎದುರಿಗೆ ನೋಡುವ ಎರಡು ಗುಂಡು ಕಣ್ಣು. ಹೆಸರನ್ನು ಬೇಕೆಂತಲೇ ಇಡಲಿಲ್ಲ.

ನಾಲ್ಕಕ್ಕೆ ವಿಚಾರಣೆ ನಡೆಯಿತು. ಕೊಟ್ರಪ್ಪನವರು ಪಂಚಾಂಗ ಹೊರಳಿಸಿದರು. ತಿಪ್ಪವ್ವ ಚಿತ್ರವನ್ನು ಉಲ್ಟಾ ಹಿಡಿದೂ ನೋಡಿದಳು. ಸೌಂದರ್ಯಾಳ ಮೊಬೈಲಿಗೆ ಕಳಿಸಿದಾಗ ಬೆಟಗೇರಿಯಿಂದ ಯಮನವ್ವನೂ "ಇದರ ಪೈಕಿ ದೇವರು ನನಗ ಗೊತ್ತಿಲ್ಲೋ ತಮ್ಮಾ" ಎಂದು ಒಪ್ಪಿಕೊಂಡಳು.

"ಬರದು ಕೊಡ್ರಿ ಸಾವ್ಕಾರ್ರ," ಎಂದ ಮಹಾದೇವ. ಅವನಿಗೆ ಈಗ ಯಾರ ಮೇಲೂ ಭರವಸೆ ಉಳಿದಿರಲಿಲ್ಲ.

ಮೂರು ಬೆರಳಿನ ವಿಭೂತಿ ಹಚ್ಚದೆ ನೀರು ಕುಡಿಯದ ಕೊಟ್ರಪ್ಪನವರು ಪ್ರೂಫಿನ ಕೆಳಗೆ ತಮ್ಮ ಕೈಯಾರೆ ಬರೆದರು: 'ದೇವರಿಲ್ಲ. ಕೊಟ್ರಪ್ಪ. ಸಮಯ ನಾಲ್ಕು.' ಮಹಾದೇವ ಅದನ್ನು ಮಡಚಿ ಎದೆಯ ಜೇಬಿಗಿಟ್ಟು ಮಷಿನ್ ಕೋಣೆಗೆ ಓಡಿದ.

ಮಷಿನ್ ಕೋಣೆಗೆ ಕಿಟಕಿ ಇಲ್ಲ. ಅದರ ಗೋಡೆಯ ತುಂಬ ನಲವತ್ತು ವರ್ಷಗಳ ಕಾಗದ. ಪ್ರೆಸ್ಸಿನ ಪದ್ಧತಿ ಅದು: ಯಾವ ಕೆಲಸವೇ ಇರಲಿ, ಮಷಿನ್ನಿನಿಂದ ಇಳಿದ ಮೊದಲ ಹಾಳೆಯ ಮೂಲೆಗೆ ಕುಂಕುಮದ ಬೊಟ್ಟಿಟ್ಟು, ಕಾಯಿ ಒಡೆದು, ಗೋಡೆಗೆ ಅಂಟಿಸಿದ ಮೇಲೆಯೇ ಎರಡನೆಯ ಹಾಳೆ. ಸಾಬೂನಿನ ಲೇಬಲ್ಲಿಗೂ ಕುಂಕುಮವಿತ್ತು, ಮನೆ ಕರದ ಫಾರ್ಮಿಗೂ ಇತ್ತು, ಇಲಿ ಪಾಷಾಣದ ಪೊಟ್ಟಣಕ್ಕೂ ಇತ್ತು. ಇದನ್ನು ಶುರು ಮಾಡಿದವರು ಕೊಟ್ರಪ್ಪನವರ ತಂದೆ. ಈ ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದವನು ಮಲ್ಲಸಮುದ್ರದ ಮಷಿನ್‌ಮನ್ ಜಾವೀದ.

ಮೊದಲ ಹಾಳೆ ಇಳಿಯಿತು. ಝೂಗರ ತನ್ನ ವಾಹನದ ಮೇಲೆ ಕೂತು ಬಂದಿದ್ದ. ಹಸಿ ಬಣ್ಣದಲ್ಲಿ ಅವನನ್ನು ಕಂಡು ಮಹಾದೇವನ ಕಣ್ಣು ತುಂಬಿತು. ಜಾವೀದ ಕುಂಕುಮದ ಬಟ್ಟಲಿಗೆ ಕೈ ಹಾಕಿದ.

"ಜಾವೀದಭಾಯಿ, ಇವತ್ತೊಂದು ದಿನ ಅದನ್ನ ಬಿಡ್ರಿ," ಎಂದು ಮಹಾದೇವ ಅವನ ಕೈ ಹಿಡಿದ. "ಹ್ವಾದ ವಾರ ಒಳಪುಟಕ್ಕ ಹಚ್ಚಿದ್ದ ಸಾಕು, ಮುಖಪುಟಕ್ಕ ಬ್ಯಾಡ. ಹೊತ್ತೂ ಇಲ್ಲ. ಹೊಡೀರಿ ಜಲ್ದಿ."

"ಬಾವೀಸ್ ವರ್ಷದಾಗ ಒಮ್ಮಿನೂ ಬಿಟ್ಟಿಲ್ಲೋ."

"ನನ್ನ ಸಲುವಾಗಿ!"

ಜಾವೀದ ಒಲ್ಲದ ಮನಸ್ಸಿನಿಂದ ಗುಂಡಿ ಒತ್ತಿದ. ಮಷಿನ್ ಒಂದು ಸಲ ಉಸಿರು ಬಿಟ್ಟು ನಿಂತಿತು. ದೀಪ ಹೋಯಿತು. ಓಣಿಯ ಕರೆಂಟೆಲ್ಲ ಹೋಗಿತ್ತು.

ಕರೆಂಟ್ ಹೋಗುವುದು ಹೊಸದಲ್ಲ. ಆದರೆ ಹತ್ತು ನಿಮಿಷ ಹೋಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಕತ್ತಲಲ್ಲಿ ಕೊಟ್ರಪ್ಪನವರು ಬಂದು ನಿಂತರು, ತಿಪ್ಪವ್ವ ಬಂದು ನಿಂತಳು. ಎಲ್ಲರೂ ಮಹಾದೇವನ ಕಡೆಗೇ ನೋಡುತ್ತಿರುವುದು ಕತ್ತಲಲ್ಲೂ ಅವನಿಗೆ ತಿಳಿಯುತ್ತಿತ್ತು. ಐದೂಕಾಲಾಯಿತು. ಸೌಂದರ್ಯಾ ಫೋನ್ ಮಾಡಿ "ಆತೇನ್ರಿ?" ಎಂದಳು. "ಆಗ್ತೈತಿ," ಎಂದ ಮಹಾದೇವ.

"ಹಚ್ರಿ ಜಾವೀದಭಾಯಿ," ಎಂದ ಕೊನೆಗೆ. "ಕುಂಕುಮ ಹಚ್ರಿ. ಕಾಯೀನೂ ಒಡೀರಿ."

ಜಾವೀದ ಕತ್ತಲಲ್ಲಿ ತಡವರಿಸಿ ಹಾಳೆಯ ಮೂಲೆ ಹುಡುಕಿ ಬೊಟ್ಟಿಟ್ಟ. ತಿಪ್ಪವ್ವ ನೆಲಕ್ಕೆ ಕಾಯಿ ಕುಕ್ಕಿದಳು.

ಕಾಯಿ ಟಪ್ಪೆಂದು ಒಡೆಯುವುದಕ್ಕೂ ಕರೆಂಟ್ ಬರುವುದಕ್ಕೂ ಸರಿಹೋಯಿತು. ಝಗ್ಗೆಂದು ದೀಪ ಹತ್ತಿತು. ಬೆಳಕಿನಲ್ಲಿ ನೋಡಿದರೆ ಕುಂಕುಮ ಮೂಲೆಗೆ ಬಿದ್ದಿರಲಿಲ್ಲ. ಆ ದೊಡ್ಡ ಬೋಳು ಹಣೆಯ ನಟ್ಟನಡುವೆ ದುಂಡಗೆ ಕೂತಿತ್ತು. ಕೆಳಗೆ ಎರಡು ಗುಂಡು ಕಣ್ಣು ನೆಟ್ಟಗೆ ಎಲ್ಲರನ್ನೂ ನೋಡುತ್ತಿದ್ದವು.

"ಬಂತಲ್ಲಾ!" ಎಂದ ಮಹಾದೇವ. "ನಡಸ್ರಿ ಮಷಿನ್!"

ಯಾರೂ ಅಲುಗಾಡಲಿಲ್ಲ. ತಿಪ್ಪವ್ವ ಸೆರಗು ಹೊದ್ದು ಎರಡೂ ಕೈ ಜೋಡಿಸಿದ್ದಳು. ಕೊಟ್ರಪ್ಪನವರು ಮೆಲ್ಲಗೆ ಕಾಲಿನಿಂದ ಚಪ್ಪಲಿ ಕಳಚಿ ಗೋಡೆಗೆ ಸರಿಸಿದರು.

"ಮಷಿನ್ ಮುಟ್ಟಬ್ಯಾಡ, ಜಾವೀದ," ಎಂದರು. ಅವರ ದನಿ ಗುಡಿಯೊಳಗೆ ಮಾತಾಡುವಂತಿತ್ತು. "ಮಹಾದೇವ, ನನ್ನ ಕಾನೂನು ನಿನಗ ಗೊತ್ತೈತಿ. ಓದಿ ಬಿಸಾಡೂ ಕಾಗದಕ್ಕ ನಾ ದೇವರನ್ನ ಹಾಕಂಗಿಲ್ಲ."

ಮಹಾದೇವ ಎದೆಯ ಜೇಬಿನ ಚೀಟಿ ತೆಗೆದು ಅವರ ಮುಖದ ಮುಂದೆ ಹಿಡಿದ. "ಇದೇನ್ರಿ ಮತ್ತ? ನಿಮ್ಮ ಕೈಲೆ ಬರದೀರಿ. ದೇವರಿಲ್ಲ ಅಂತ!"

ಕೊಟ್ರಪ್ಪನವರು ಚೀಟಿಯನ್ನು ಓದಿದರು. ತಾವು ಬರೆದದ್ದೇ ಹೌದೆಂದು ತಲೆಯಾಡಿಸಿದರು.

"ಖರೆ ಐತಿ. ಆದ್ರ ಇದು ನಾಕು ಗಂಟೆದ್ದು. ಆವಾಗ ಇರಲಿಲ್ಲ. ಈಗ ಬಂದಾನ."

ಮಹಾದೇವ ಕೂಗಾಡಿದ. ಕರೆಂಟ್ ಬಂದದ್ದು ಇಡೀ ಓಣಿಗೆ ಎಂದ. ಆ ದೇವರ ಮೂಗು ಮಿರ್ಚಿಯದು ಎಂದ. ಮೈಯಂತೂ ಗ್ಯಾಸ್ ಸಿಲಿಂಡರು ಎಂದ. ಹೇಳಿದಷ್ಟೂ ತಿಪ್ಪವ್ವನ ಭಕ್ತಿ ಹೆಚ್ಚಾಯಿತು. ಗ್ಯಾಸಿನಲ್ಲಿಯೂ ಇರುವವನು, ಮಿರ್ಚಿಯಲ್ಲಿಯೂ ಇರುವವನು ಇನ್ನಾರು ಎಂದು ಅವಳು ಜಾವೀದನನ್ನು ಕೇಳಿದಳು. ಜಾವೀದ ಬಹಳ ಯೋಚಿಸಿ, ಬಾವೀಸ್ ವರ್ಷದಲ್ಲಿ ತನ್ನ ಕೈ ಎಂದೂ ಮೂಲೆ ತಪ್ಪಿರಲಿಲ್ಲ ಎಂದಷ್ಟೇ ಹೇಳಿದ.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಬೈಂಡಿಂಗ್ ಮೂಲೆಯಲ್ಲಿ ಐದುನೂರು ಝೂಗರರು ಮುಖಪುಟವಿಲ್ಲದೆ ಬರಿಗಾಲಲ್ಲಿ ನಿಂತಿದ್ದರು. ಮಹಾದೇವ ಅವುಗಳ ಮೇಲೆ ಕೈಯಾಡಿಸಿದ. ಸೋತೆನೆಂದು ಅವನ ಮನಸ್ಸು ಇನ್ನೂ ಒಪ್ಪುತ್ತಿರಲಿಲ್ಲ. ನಾಳೆ ಮುಖಪುಟವಿಲ್ಲದೆಯೇ ಟೇಬಲ್ಲಿನ ಮೇಲೆ ಇಡುತ್ತೇನೆ ಎಂದುಕೊಂಡ.

ಕೊಟ್ರಪ್ಪನವರು ಹಿಂದೆ ಬಂದು ಹೆಗಲ ಮೇಲೆ ಕೈಯಿಟ್ಟರು. ಮುಖದ ಮೇಲೆ ಎಂದೂ ಕಾಣದ ಕಳೆಯಿತ್ತು.

"ನಾಳೆ ಸಂತಿ ಗಿಂತಿ ಬಿಡು. ಮುಂಜಾನೆ ಏಳಕ್ಕ ಬಾ. ಕ್ಯಾಲೆಂಡರ್ ಶುರು ಐತಿ. ಎಲ್ಲಾ ಪ್ರೆಸ್ಸಿನವರೂ ಅದ ಗಣಪತಿ, ಅದ ಲಕ್ಷ್ಮಿ ಹಾಕ್ತಾರ. ಈ ವರ್ಷ ನಮ್ಮ ಕ್ಯಾಲೆಂಡರಿಗೆ ಈ ನಮ್ಮಪ್ಪನ. ಗ್ವಾಡಿಗೆ ಹಾಕೂ ಕಾಗದ, ಯಾರೂ ತುಳ್ಯಂಗಿಲ್ಲ. ಆ ಕಿವಿ ಜರಾ ಚಪ್ಪಲಿ ಕಂಡಂಗ ಕಾಣತಾವ, ಎಲಿ ಆಕಾರ ಮಾಡು."

"ಝೂಗರ ರೀ?" ಎಂದ ಮಹಾದೇವ.

"ಯಾರು? ಮ್ಯಾಲೆ ಕುಂತಾಂವ? ಅವನ್ನ ಮೊದ್ಲ ತಗಿ. ದೇವರ ಬೆನ್ನ ಮ್ಯಾಲೆ ಕಾಲ್ ಇಳಿಬಿಟ್ಟು ಕುಂತಾನ, ನಾಚಿಕಿ ಇಲ್ದಾಂವ."

ತಿಪ್ಪವ್ವ ಕಾಯಿಯ ಒಂದು ಚೂರನ್ನು ಪ್ರಸಾದವೆಂದು ಮಹಾದೇವನ ಕೈಗಿಟ್ಟು ಶಿರಹಟ್ಟಿ ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಕೊಟ್ರಪ್ಪನವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿ ನಿಂತರು.

"ಇನ್ನೊಂದು ಮಾತು. ದೇವರಂದಮ್ಯಾಲೆ ಹಿಂಗ ಬರೇ ನಿಂತ್ರ ಹೆಂಗ? ಒಂದು ವಾಹನ ಬೇಕು. ಮುಂಜಾನೆ ಒಳಗ ಒಂದು ಛಲೋ ಪ್ರಾಣಿ ತಗದು ಇಡು. ಆದ್ರ ನೆನಪಿರ್ಲಿ, ಬ್ಯಾರೆ ಯಾವ ದೇವರದೂ ಆಗಿರಬಾರ್ದು."

ಮಹಾದೇವ ಕೈಯಲ್ಲಿದ್ದ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದ. ಆಮೇಲೆ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಬೆಳಗಿನಿಂದ ಬರೆದು ಬಿಟ್ಟ ಪ್ರಾಣಿಗಳನ್ನೆಲ್ಲ ಒಂದೊಂದಾಗಿ ತೆರೆಯತೊಡಗಿದ. ಮೊದಲು ಬಂದದ್ದು ಕೋಣ.